ಪಾಟಿ ಮೇಲೆ ಕೂರಲ್ಲ, ಪರದೆ ಹಿಂದೆ ಹೋಗ್ತಾನೆ!

ಪ್ರಶ್ನೆ: ಮಗನಿಗೆ 2 ವರ್ಷ 2 ತಿಂಗಳು. ಒಂದು ತಿಂಗಳಿಂದ ಪಾಟಿ (ಮಕ್ಕಳು ಕೂತು ಕಕ್ಕ, ಸುಸು ಮಾಡುವ ಪುಟ್ಟ ಕಮೋಡ್) ಮೇಲೆ ಕೂರಿಸುತ್ತಿದ್ದೇನೆ. ಎಷ್ಟು ಹೊತ್ತು ಕೂರಿಸಿದರೂ ಏನೂ ಆಗಲ್ಲ, ಬರೀ ಅಳು. ಎಬ್ಬಿಸಿ ಡೈಪರ್ ಹಾಕಿದ ಕೂಡಲೇ ಪರದೆ ಹಿಂದೆ ಹೋಗಿ ಕಕ್ಕ ಮಾಡ್ತಾನೆ. ‘ನಮ್ಮ ಮಕ್ಕಳು ಒಂದೂವರೆ ವರ್ಷಕ್ಕೇ ಕಲಿತಿದ್ವು’ ಅಂತ ಅತ್ತೆ ದಿನಾ ಹೇಳುತ್ತಾರೆ. ಬೇಕಂತಲೇ ಹಟ ಮಾಡ್ತಿದ್ದಾನಾ?

ಉತ್ತರ: ಹಟ ಅಲ್ಲ. ನಿಮಗೆ ಸಿಟ್ಟು ತರಿಸುತ್ತಿರುವ ಆ ಪರದೆಯ ವಿಷಯ ಓದಿ ನನಗಂತೂ ಖುಷಿಯಾಯಿತು. ಕಕ್ಕ ಬರ್ತಿದೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿದೆ, ಒಂದು ಜಾಗ ಹುಡುಕಿಕೊಂಡು ಹೋಗುವಷ್ಟು ಹೊತ್ತು ತಡೆದುಕೊಳ್ಳುತ್ತಲೂ ಇದ್ದಾನೆ. ಕಷ್ಟದ ಭಾಗ ಅದೇ ಅಲ್ವಾ? ಜಾಗ ಬದಲಿಸುವುದಷ್ಟೇ ಬಾಕಿ.

ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರು ವರ್ಷದ ಒಳಗೆ ಯಾವಾಗಲೋ ತಯಾರಾಗುತ್ತಾರೆ. ಹಾಗಾಗಿ ವಯಸ್ಸು ಬಿಟ್ಟು ಮಗುವನ್ನು ನೋಡಿ. ಡೈಪರ್ ಎರಡು ಗಂಟೆಯಾದರೂ ಒಣಗಿರುತ್ತಾ? ಒದ್ದೆಯಾದರೆ ಎಳೆದಾಡುತ್ತಾನಾ? ಚಡ್ಡಿ ಕೆಳಗೆ ಜಾರಿಸೋಕೆ ಬರುತ್ತಾ? ‘ಚೆಂಡು ತಗೊಂಡು ಬಾ, ಬುಟ್ಟಿಗೆ ಹಾಕು’ ಅಂದರೆ ಎರಡೂ ಮಾಡ್ತಾನಾ? ಸುಸು, ಕಕ್ಕ ಅಂತ ಬಾಯಲ್ಲೋ ಸನ್ನೆಯಲ್ಲೋ ತಿಳಿಸ್ತಾನಾ? ಎಲ್ಲದಕ್ಕೂ ಹೌದು ಅನ್ನಬೇಕಿಲ್ಲ. ಆದರೆ ಡೈಪರ್ ಅರ್ಧ ಗಂಟೆಗೊಮ್ಮೆ ಒದ್ದೆಯಾಗುತ್ತಿದ್ದರೆ ಮೂತ್ರಕೋಶಕ್ಕೆ ಇನ್ನೂ ಅಷ್ಟು ಹಿಡಿದಿಡೋ ಶಕ್ತಿ ಬಂದಿಲ್ಲ, ಕೂರಿಸಿ ಪ್ರಯೋಜನವಿಲ್ಲ.

ಸದ್ಯ ಒಂದು ತಿಂಗಳು ನಿಲ್ಲಿಸಿಬಿಡಿ. ಅಳುವ ಮಗುವನ್ನು ಹಿಡಿದು ಕೂರಿಸಿದರೆ ಅದು ಕಕ್ಕ ತಡೆಯುವುದನ್ನು ಕಲಿಯುತ್ತದೆ. ತಡೆದದ್ದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ನೋಯುತ್ತದೆ, ನೋವಿನ ಹೆದರಿಕೆಗೆ ಇನ್ನಷ್ಟು ತಡೆಯುತ್ತದೆ. ಈ ಸುಳಿಗೆ ಸಿಕ್ಕಿದರೆ ಬಿಡಿಸಿಕೊಳ್ಳೋಕೆ ತಿಂಗಳುಗಳೇ ಬೇಕು. ಈಗಾಗಲೇ ಮಲ ಗಟ್ಟಿಯಿದ್ದರೆ ಮೊದಲು ಅದನ್ನು ಸರಿಮಾಡಿ, ಪಾಟಿ ಆಮೇಲೆ.

ಮತ್ತೆ ಶುರು ಮಾಡುವಾಗ ಪಾಟಿಯನ್ನು ಆ ಪರದೆ ಹತ್ತಿರವೇ ಇಡಿ, ನಗಬೇಡಿ! ಮೊದಮೊದಲು ಡೈಪರ್ ಹಾಕಿಕೊಂಡೇ ಕೂರಲಿ, ಪರವಾಗಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ನಾಲ್ಕೈದು ನಿಮಿಷ ಸಾಕು. ಪಾದ ಪೂರ್ತಿ ನೆಲಕ್ಕೆ ತಾಗಿರಲಿ; ಕಾಲು ಜೋತಾಡುತ್ತಿದ್ದರೆ ದೊಡ್ಡವರಿಗೂ ಮುಕ್ಕಲು ಕಷ್ಟ. ಸುಸುವನ್ನೂ ಮೊದಲು ಕೂತೇ ಮಾಡಲಿ. ಚಡ್ಡಿಯಲ್ಲೇ ಆಗಿಹೋದರೆ ಸುಮ್ನೆ ಬದಲಿಸಿ, ಭಾಷಣ ಬೇಡ. ಮನೆ ಬದಲಿಸುವಾಗ, ಇನ್ನೊಂದು ಮಗು ಬಂದಾಗ ಶುರು ಮಾಡಬೇಡಿ. ರಾತ್ರಿಯ ಮಾತು ಬೇರೆಯೇ, ಐದು ವರ್ಷದ ಎಷ್ಟೋ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತವೆ.

ಅತ್ತೆ ಸುಳ್ಳು ಹೇಳುತ್ತಿಲ್ಲ. ಆಗ ಹೊತ್ತು ನೋಡಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದದ್ದು ಅವರು, ಕಲಿತದ್ದರಲ್ಲಿ ಅರ್ಧ ಅವರ ಪಾಲೇ. ಹಾಗಂತ ಹೇಳಿಯೇ ನೋಡಿ, ಊಟದ ನಂತರ ಕೂರಿಸುವ ಕೆಲಸ ಅವರೇ ವಹಿಸಿಕೊಂಡಾರು. ನಾಲ್ಕು ವರ್ಷವಾದರೂ ಹಗಲು ಹತೋಟಿ ಬರದಿದ್ದರೆ, ಅಥವಾ ಯಾವಾಗಲೇ ಆಗಲಿ ಸುಸು ಮಾಡುವಾಗ ನೋವು, ಮಲದಲ್ಲಿ ರಕ್ತ ಕಂಡರೆ, ಮಕ್ಕಳ ಡಾಕ್ಟರಿಗೆ ತೋರಿಸಿ.