ಓದುಗರ ಪ್ರಶ್ನೆ, ಬಡಗಿಮನೆಯ ಉತ್ತರ: ಬಟ್ಟೆ ಒಗೆಯುವ ಜಾಗಕ್ಕೊಂದು ಕಪಾಟು

ಪ್ರಶ್ನೆ: ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಮೇಲೆ, ಗೋಡೆಗೆ ತೂಗುವ ಹಾಗೆ ಸುಮಾರು 3 ಅಡಿ ಅಗಲದ ಕಪಾಟು ಮಾಡಬೇಕೆಂದಿದ್ದೇನೆ. ಒಂದೇ ಶೀಟು ಪ್ಲೈವುಡ್ ಸಾಕಾಗುತ್ತದೆಯೇ? ಯಾವುದನ್ನು ತರಲಿ?
– ಓದುಗರು, ತುಮಕೂರು

ಸಾಕು, ಸ್ವಲ್ಪ ಉಳಿಯುತ್ತದೆ ಕೂಡ. 8×4 ಅಡಿ ಶೀಟು ಅಂದರೆ 2440×1220 ಎಂಎಂ. ಕಪಾಟು 900 ಅಗಲ, 700 ಎತ್ತರ, 350 ಆಳ ಎಂದಿಟ್ಟುಕೊಳ್ಳಿ. 18 ಎಂಎಂ ಶೀಟನ್ನು ಉದ್ದಕ್ಕೆ ಮೂರು ಪಟ್ಟಿಯಾಗಿ ಸೀಳಿ: 350ರದು ಎರಡು, 447ರದು ಒಂದು. ಮೊದಲ ಪಟ್ಟಿಯಲ್ಲಿ 700ರ ಎರಡು ಪಕ್ಕದ ಹಲಗೆ, 864ರ ಒಂದು ಮೇಲ್ಹಲಗೆ. ಎರಡನೆಯದರಲ್ಲಿ 864ರ ತಳ, ಅಷ್ಟೇ ಉದ್ದದ ನಡುಹಲಗೆ. 447ರ ಪಟ್ಟಿಯಲ್ಲಿ 696 ಎತ್ತರದ ಎರಡು ಬಾಗಿಲು. ಅದರಲ್ಲೇ ಉಳಿಯುವ ಮೀಟರ್ ಉದ್ದದ ತುಂಡಿನಲ್ಲಿ, ಗೋಡೆಗೆ ತೂಗಲು 80 ಅಗಲದ ಎರಡು ರೀಪು, ನಡುಹಲಗೆಯ ಮುಂದಂಚಿನ ಅಡಿಗೆ ಕೊಡಲು 40 ಅಗಲದ್ದೊಂದು. ಐದೈದು ಲೀಟರಿನ ಕ್ಯಾನುಗಳನ್ನು ಸಾಲಾಗಿ ಇಟ್ಟರೆ ಈ ಮುಂದಂಚಿನ ರೀಪು ಇಲ್ಲದ ಹಲಗೆ ವರ್ಷದೊಳಗೆ ಹೊಟ್ಟೆ ಬಿಡುತ್ತದೆ. ಬೆನ್ನಿಗೆ 6 ಎಂಎಂ ಪ್ಲೈ ಬೇರೆ ತರಬೇಕು.

ಎಡವುವುದು 864ರಲ್ಲಿ. ಅದು 900ರಲ್ಲಿ ಎರಡು 18 ಕಳೆದ ಲೆಕ್ಕ, ಬರೀ ಪ್ಲೈಗೆ ಮಾತ್ರ ಸರಿ. ಪಕ್ಕದ ಹಲಗೆಗಳ ಹೊರಗೆ 1 ಎಂಎಂ, ಒಳಗೆ 0.8 ಎಂಎಂ ಲ್ಯಾಮಿನೇಟ್ ಅಂಟಿಸಿದರೆ ಕಪಾಟು 903.6 ಆಗಿ ನಿಲ್ಲುತ್ತದೆ, ಬಾಗಿಲಿನ ಪಕ್ಕದಲ್ಲಿ ಅಂಚು ಇಣುಕುತ್ತದೆ. ಅದಲ್ಲದೆ 18 ಎಂದು ಕೊಂಡ ಪ್ಲೈ ಎಷ್ಟೋ ಸಲ 17.5 ಇರುತ್ತದೆ. ಆದ್ದರಿಂದ ಮೊದಲು ಪಕ್ಕದ ಹಲಗೆಗಳಿಗೆ ಲ್ಯಾಮಿನೇಟ್ ಅಂಟಿಸಿ, ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಆಮೇಲಷ್ಟೇ ಅಡ್ಡಹಲಗೆ ಕತ್ತರಿಸಿ. ಒಂದೇ ಬದಿಗೆ ಅಂಟಿಸಿ ಬಿಡಬೇಡಿ, ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ.

ಪ್ಲೈ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಗುರುತಿನದೇ ಇರಲಿ. ಅಂಗಡಿಯಲ್ಲಿ ಮರೈನ್ ಅನ್ನುತ್ತಾರೆ. ಅದರ ಅಂಟನ್ನು 72 ಗಂಟೆ ಕುದಿನೀರಿನಲ್ಲಿ ಪರೀಕ್ಷಿಸುತ್ತಾರೆ. ಇದನ್ನೇ ಕೇಳಿ ‘ನೀರಿಗೆ ಏನೂ ಆಗುವುದಿಲ್ಲ’ ಎಂದು ಅಂಚನ್ನು ಹಾಗೇ ಬಿಡುವವರಿದ್ದಾರೆ. ಅಂಟು ಬಿಡುವುದಿಲ್ಲ, ನಿಜ. ಮರ ನೀರು ಕುಡಿಯುವುದನ್ನು ಬಿಡುವುದಿಲ್ಲವಲ್ಲ! ಕತ್ತರಿಸಿದ ಅಂಚೇ ಅದರ ಬಾಯಿ. ಕಣ್ಣಿಗೆ ಬೀಳದ ಹಿಂದಿನ ಅಂಚು, ಹಿಂಜಿನ (ಬಾಗಿಲ ಕೀಲಿನ) ಗುಳಿ, ಪೈಪಿಗೆಂದು ಕೊರೆದ ತೂತು, ಎಲ್ಲಕ್ಕೂ ಸೀಲರ್ ಎರಡು ಕೋಟು ಕುಡಿಸಿ. ಬಾಗಿಲಿನ ಅಂಚಿಗೆ ಪಿವಿಸಿ ಪಟ್ಟಿ ಹಾಕಿ, ಕೆಳಗಿನ ಅಂಚನ್ನು ಮರೆಯಬೇಡಿ.

ಜೋಡಿಸುವಾಗ ಮರೈನ್ ಫೆವಿಕಾಲ್, ಜೊತೆಗೆ 8 ನಂಬರಿನ 50 ಎಂಎಂ ಸ್ಟೀಲ್ ಸ್ಕ್ರೂ, ಒಂದೊಂದು ಮೂಲೆಗೆ ಮೂರು. 3 ಎಂಎಂ ತೂತು ಮೊದಲೇ ಕೊರೆಯದಿದ್ದರೆ ಸ್ಕ್ರೂ ಪ್ಲೈ ಪದರಗಳನ್ನು ಪುಸ್ತಕದ ಹಾಳೆಯಂತೆ ಬಿಡಿಸಿಬಿಡುತ್ತದೆ. ಹಿಂಜು 0 ಕ್ರ್ಯಾಂಕ್, ಅಂದರೆ ಬಾಗಿಲು ಪಕ್ಕದ ಹಲಗೆಯ ಅಂಚನ್ನು ಮುಚ್ಚುವಂಥದ್ದು, ಬಾಗಿಲಿಗೆ ಎರಡು. 35 ಎಂಎಂ ಗುಳಿಯ ಮಧ್ಯಬಿಂದು ಬಾಗಿಲಿನ ಅಂಚಿನಿಂದ 22.5 ಎಂಎಂ ಒಳಗೆ. ಮೆಷಿನ್ ಟಾಪ್‌ಲೋಡ್ ಆದರೆ ಮುಚ್ಚಳವನ್ನು ಪೂರ್ತಿ ತೆರೆದು, ಅದರ ತುದಿಗಿಂತ 2 ಇಂಚು ಮೇಲೆ ಕಪಾಟಿನ ತಳ ಬರಲಿ.

ಪ್ರಶ್ನೆ: ನಮ್ಮದು ಕೆಂಪುಕಲ್ಲಿನ ಗೋಡೆ. ಹಲಸಿನ ಹಲಗೆ ಜೋಡಿಸಿ ಕಪಾಟಿಗೆ ಬಾಗಿಲು ಮಾಡಿದೆ, ಹಿಂದೆ ಎರಡು ಅಡ್ಡಪಟ್ಟಿಗೆ ಅಂಟು ಹಾಕಿ ಸ್ಕ್ರೂ ಬಿಗಿದಿದ್ದೇನೆ. ಮಳೆಗಾಲದಲ್ಲಿ ಮುಚ್ಚಲಾಗಲಿಲ್ಲ, ಮಾರ್ಚಿನಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ಮರ ಹಸಿಯಿತ್ತೇ?
– ಓದುಗರು, ಉಡುಪಿ

ಮರ ಎಷ್ಟೇ ಒಣಗಿದ್ದರೂ ಇದೇ ಆಗುತ್ತಿತ್ತು. ಗಟ್ಟಿಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಕರಾವಳಿಯ ಮಳೆಗಾಲಕ್ಕೂ ಬೇಸಿಗೆಗೂ ನಡುವೆ 400 ಎಂಎಂ ಅಗಲದ ಹಲಗೆ ಆಚಾರಿಗಳ ಲೆಕ್ಕದ ಒಂದು ನೂಲು, ಅಂದರೆ 3 ಎಂಎಂ, ಆಚೀಚೆ ಆಗುವುದು ಸಹಜ. ನಿಮ್ಮ ಅಡ್ಡಪಟ್ಟಿ ಉದ್ದದ ಎಳೆಯದು, ಅದು ಜಗ್ಗುವುದಿಲ್ಲ. ಬೇಸಿಗೆಯಲ್ಲಿ ಹಲಗೆ ಕುಗ್ಗಲು ನೋಡಿತು, ಪಟ್ಟಿ ಬಿಡಲಿಲ್ಲ, ಹಲಗೆ ಸೀಳಿತು.

ಈ ಬಾಗಿಲು ಉಳಿಸಬೇಕೆಂದರೆ ಪಟ್ಟಿ ಬಿಚ್ಚಿ, ಅಂಟನ್ನು ಉಳಿಯಿಂದ ಕೆತ್ತಿ ತೆಗೆಯಿರಿ. ಸೀಳನ್ನು ಅಂಟಿಸಿ ಒಣಗಿಸಿ. ಪಟ್ಟಿಯ ನಡುವಿನ ಸ್ಕ್ರೂ ಇದ್ದಲ್ಲೇ ಇರಲಿ. ಎರಡು ತುದಿಯ ತೂತುಗಳನ್ನು ಪಟ್ಟಿಯ ಉದ್ದಕ್ಕೆ 10 ಎಂಎಂ ಹಿಗ್ಗಿಸಿ, ವಾಷರ್ ಹಾಕಿ ಬಿಗಿಯಿರಿ. ಈ ಸಲ ಪಟ್ಟಿಗೆ ಅಂಟು ಬೇಡ.

ಹೊಸದಾಗಿ ಮಾಡುವುದಾದರೆ ಚೌಕಟ್ಟು-ಹಲಗೆಯ ಬಾಗಿಲೇ ಸರಿ. 70 ಅಗಲ, 20 ದಪ್ಪದ ಚೌಕಟ್ಟಿಗೆ ಒಳಗೆ 6 ಅಗಲ, 10 ಆಳದ ಗಾಡಿ, ಅಂದರೆ ಹಲಗೆಯ ಅಂಚು ಕೂರುವ ತೋಡು, ಹೊಡೆಯಿರಿ. ಬೇಸಿಗೆಯಲ್ಲಿ ಕೂರಿಸುವುದಾದರೆ ಎರಡೂ ಪಕ್ಕದಲ್ಲಿ 3 ಎಂಎಂ ಖಾಲಿ, ಜುಲೈಯಲ್ಲಾದರೆ ಒಂದೂವರೆ ಸಾಕು. ಹಲಗೆ ತೇಲುತ್ತಿರಬೇಕು, ಗಲಗಲ ಅನ್ನದಿರಲಿ ಎಂದು ಮೇಲೆ ಕೆಳಗೆ ನಟ್ಟನಡುವೆ ಒಂದೊಂದು ಹನಿ ಅಂಟು, ಅಷ್ಟೆ. ಪಾಲಿಶ್ ಮಾತ್ರ ಜೋಡಿಸುವ ಮೊದಲೇ ಆಗಲಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿ, ಅಂಚಿನಲ್ಲಿ ಬಣ್ಣ ಕಾಣದ ಬಿಳಿ ಗೆರೆ ಎದ್ದು ಕಾಣುತ್ತದೆ.

ಕೆಂಪುಕಲ್ಲಿಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಿರಿ, ಇಲ್ಲವಾದರೆ 10 ಎಂಎಂ ತೂತು ಹೋಗಿ ಗುಹೆಯಾಗುತ್ತದೆ. 100 ಎಂಎಂ ಉದ್ದದ ನೈಲಾನ್ ಫಾಸ್ಟನರ್ ಬಳಸಿ. ಎಲ್ಲಿ ಕೊರೆಯುತ್ತೀರಿ ಎನ್ನುವುದು ಇನ್ನೂ ಮುಖ್ಯ: ಗೋಡೆಯೊಳಗಿನ ನೀರಿನ ಪೈಪು ಸಾಮಾನ್ಯವಾಗಿ ನಲ್ಲಿಯ ನೇರಕ್ಕೆ ಮೇಲೆ ಅಥವಾ ಕೆಳಗೆ ಹೋಗಿರುತ್ತದೆ. ಆ ಗೆರೆಯ ಎರಡೂ ಕಡೆ 4 ಇಂಚು ಬಿಟ್ಟುಬಿಡಿ. ಮೊದಲ ಉತ್ತರದ ಅಳತೆಯ ಪ್ಲೈ ಕಪಾಟೇ ತುಂಬುವ ಮೊದಲು ಸುಮಾರು 28 ಕೆಜಿ ತೂಗುತ್ತದೆ, ನಾಲ್ಕು ಫಾಸ್ಟನರಿಗೆ ಕಡಿಮೆ ಬೇಡ.

ಪ್ರಶ್ನೆ: ಸ್ಟೇನ್‌ಲೆಸ್ ಹಿಂಜು ಹಾಕಿದರೂ ಆರು ತಿಂಗಳಲ್ಲಿ ಕಂದು ಚುಕ್ಕೆ. ಮಾಲು ನಕಲಿಯೇ?
– ಓದುಗರು, ಹುಬ್ಬಳ್ಳಿ

ಹಿಂಜನ್ನು ಅನುಮಾನಿಸುವ ಮೊದಲು ಕಪಾಟಿನಲ್ಲಿ ಬ್ಲೀಚಿಂಗ್ ಪೌಡರ್ ಇದೆಯೇ ನೋಡಿ. ಪೊಟ್ಟಣ ಕಟ್ಟಿಟ್ಟರೂ ಅದು ಕ್ಲೋರಿನ್ ಬಿಡುತ್ತಲೇ ಇರುತ್ತದೆ. ಮುಚ್ಚಿದ ಕಪಾಟಿನ ತೇವದಲ್ಲಿ ಅದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೂ ಚುಚ್ಚುತ್ತದೆ. ಬ್ಲೀಚನ್ನು ಹೊರಗೆ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ತೆರೆದ ಹಲಗೆಗೆ ಸಾಗಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕದಲ್ಲಂತೂ ಬೇಡವೇ ಬೇಡ. ಎರಡೂ ಸೋರಿ ಬೆರೆತರೆ ಹೊರಡುವುದು ವಿಷಗಾಳಿ. ಕಪಾಟಿನ ತಳದಲ್ಲೂ ಮೇಲೂ 20 ಎಂಎಂನ ಎರಡೆರಡು ತೂತು ಕೊರೆದು, ಅಂಚಿಗೆ ಸೀಲರ್ ಹಚ್ಚಿ ಜಾಲರಿ ಕೂರಿಸಿ.

ಪ್ರಶ್ನೆ: ಖರ್ಚು ಉಳಿಸಲು ಪಾರ್ಟಿಕಲ್ ಬೋರ್ಡ್ ಆಗಬಹುದೇ?
– ಓದುಗರು, ಮೈಸೂರು

ಪುಸ್ತಕದ ಕಪಾಟಿಗೆ ಆಗಬಹುದು. ಇಲ್ಲಿ ಒಂದೇ ಸಲ ಅಂಚು ನೆನೆದರೆ ಅವಲಕ್ಕಿಯಂತೆ ಉಬ್ಬುತ್ತದೆ, ಒಣಗಿದ ಮೇಲೂ ಇಳಿಯುವುದಿಲ್ಲ, ಸ್ಕ್ರೂ ಕೈಗೇ ಕಿತ್ತುಬರುತ್ತದೆ. ದುಡ್ಡು ಉಳಿಸಬೇಕಿದ್ದರೆ ಬಾಗಿಲು ಬಿಟ್ಟು ಪರದೆ ಹಾಕಿ, ಪೆಟ್ಟಿಗೆ ಮಾತ್ರ ಮರೈನ್ ಪ್ಲೈನಲ್ಲೇ ಇರಲಿ.