ಗೋವಾದಾಗ ಇದ್ದೆ ಅನ್ಲೋ, ಜೈಲಿನಾಗ ಇದ್ದೆ ಅನ್ಲೋ?

ಬಾಗಲಕೋಟಿ ಕಡಿಂದ ಒಬ್ಬ ತಮ್ಮ ಬರದಾನ. ಹೆಸರು ಹಾಕಬ್ಯಾಡ್ರಿ ಅಂದಾನ, ಹಾಕೂದಿಲ್ಲ. ವಯಸ್ಸು 41. ಹೊಲದ ಬದುವಿನ ಸಲುವಾಗಿ ದಾಯಾದ್ಯಾರ ಕೂಡ ಜಗಳಾಗಿ ಕೈ ಮೀರಿ ಹೋತು, ನಾಕ ವರ್ಷ ಜೈಲು. ಅಲ್ಲಿ ಅಡಗಿಮನಿ ಕೆಲಸಕ್ಕ ಹಚ್ಚಿದ್ರು, ನಸಿಕಿನ್ಯಾಗ ಎದ್ದು ನೂರಾರು ಮಂದಿಗೆ ಅನ್ನ, ಬ್ಯಾಳಿ, ಚಪಾತಿ. ಹೊರಗ ಬಂದು ವರ್ಷಾತು, ಕೆಲಸ ಇಲ್ಲ, ಹೆಂಡ್ತಿ ಖಾನಾವಳಿಗೆ ರೊಟ್ಟಿ ಬಡದು ಮನಿ ನಡಸ್ತಾಳ. ಈಗ ಒಂದ ತಿಂಗಳ ಅಡಗಿ ತರಬೇತಿಗೆ ಹೆಸರು ಬಂದೈತಿ, ಸೋಮವಾರ ಶುರು, ಊಟ ವಸತಿ ಪುಕ್ಕಟೆ, ಮುಗದ ಮ್ಯಾಲ ಹೋಟೆಲ್‌ನವರು ಬಂದು ಆರಿಸ್ಕೊಂಡ ಹೋಗ್ತಾರಂತ. ಫಾರ್ಮಿನಾಗ ಜೈಲಿಂದು ಬರೀಬೇಕೇನ ಅಂತ ಕೇಳ್ಯಾನ. ಅಣ್ಣ ಅಂತಾನ, "ಗೋವಾದಾಗ ಹೋಟೆಲ್‌ನ್ಯಾಗ ಇದ್ದೆ ಅನ್ನು, ಯಾರ ಕೇಳ್ತಾರ". ಹೆಂಡ್ತಿ ಅಂತಾಳ, ಸುಳ್ಳ ಹೇಳಿ ಹೋಗೂದಿದ್ರ ಹೋಗೂದ ಬ್ಯಾಡ. "ಒಂಬತ್ತನೇತ್ತ ನಪಾಸು ನಾನು, ಇಪ್ಪತ್ತೆರಡರ ಹುಡುಗರ ನಡುವ ಏಪ್ರನ್ ಕಟ್ಕೊಂಡು ನಿಂದರಾಕ ನಾಚಿಕಿ ಬರತೈತಿ, ತಮ್ಮ ಅಂತ ತಿಳದು ಹೇಳ್ರಿ ಅಕ್ಕಾರ" ಅಂತ ಪತ್ರ ಮುಗಿಸ್ಯಾನ.

ತಮ್ಮಾ, ಮೊದಲ ಆ ಗೋವಾ ತಗದ ಹಾಕು. ಕಲಸಾವರು ಮೊದಲನೇ ದಿನಾನ "ಹೌದೇನ, ಗೋವಾದಾಗ ಇದ್ದಿ? ಬಾ ಹಂಗಾರ, ಒಂದು ಮೀನಿನ ಕರಿ ಮಾಡಿ ತೋರ್ಸು" ಅಂದ್ರ ಏನ್ ಮಾಡ್ತಿ? ನಿನ್ನ ಕೈಯಾಗ ಇರೂದು ನೂರು ಮಂದಿ ಬ್ಯಾಳಿ. ಅಣ್ಣ ಒಳ್ಳೇದಕ್ಕ ಹೇಳ್ಯಾನ, ಖರೆ, ಆದ್ರ ಅವಾ ಅಡಗಿಮನ್ಯಾಗ ನಿಂತವಲ್ಲ.

ನನ್ನದೊಂದು ಹೇಳ್ತೀನಿ. ನಾನು ಹದಿನಾಕ ವರ್ಷ ಮೆಸ್ ನಡಿಸೀನಿ. ಒಬ್ಬ ಅಡಗ್ಯಾವ ಇದ್ದ, ಕೈ ಅಂದ್ರ ಕೈ, ಅವನ ಬದನಿಕಾಯಿ ಎಣ್ಣೆಗಾಯಿ ಇದ್ದ ದಿನ ಹುಡುಗರು ಎರಡೆರಡ ರೊಟ್ಟಿ ಜಾಸ್ತಿ ಹಾಕಿಸ್ಕೋತಿದ್ರು. ಅವಾ ಜೈಲಿಗೆ ಹೋಗಿ ಬಂದಾವ ಅಂತ ನನಗ ಎಂಟ ತಿಂಗಳ ಆದಮ್ಯಾಲ ಗೊತ್ತಾತು, ಅದೂ ಕಾಯಿಪಲ್ಯೆ ಮಾರಾಕಿ ಬಾಯಿಂದ, ಹತ್ತ ಮಂದಿ ಗಿರಾಕಿ ಮುಂದ. ಅವತ್ತ ಸಂಜಿಕ ಲೆಕ್ಕಾ ಮುಗಿಸಿ ಕಳಿಸಿಬಿಟ್ಟೆ. ಜೈಲಿಗೆ ಹೋಗಿದ್ದಕ್ಕಲ್ಲ, ನನಗ ಹೇಳಲಿಲ್ಲ ಅನ್ನೂ ಸಿಟ್ಟಿಗೆ. ಆ ಸಿಟ್ಟು ತಪ್ಪಿತ್ತು ಅಂತ ಈಗ ಅನಸ್ತೈತಿ, ಅವಾ ಎಲ್ಲಿದಾನೋ ಗೊತ್ತಿಲ್ಲ. ಅದಕ್ಕ ನಿನಗ ಹೇಳೂದು, ಊರಿಗೆಲ್ಲ ಹೇಳಬ್ಯಾಡ, ಆದ್ರ ಯಾರು ನಿನ್ನ ಪರವಾಗಿ ನಾಳೆ ಹೋಟೆಲ್‌ನವರ ಮುಂದ ಮಾತಾಡೂವರ ಅದಾರಲ್ಲ, ಅವರಿಗೆ ಒಬ್ಬರಿಗೆ ನೀನಾಗೇ ಮೊದಲ ಹೇಳು. ಹುಡುಗರ ಮುಂದ, ರೂಮಿನ ಪಾರ್ಟ್ನರ್ ಮುಂದ ಬಿಚ್ಚೂ ಹಂಗ ಏನೂ ಇಲ್ಲ.

ಫಾರ್ಮ್ ಬಗ್ಗೆ ಕೇಳೀದಿ. ಅದರಾಗ ಏನ್ ಕೇಳೈತಿ ಅದನ್ನ ಓದಿಸ್ಕೋ, ಪೂರ್ತಿ. ಕೇಸು, ಶಿಕ್ಷೆ ಅಂತ ಸಾಲು ಇದ್ರ ಹೌದು ಅಂತ ಬರಿ. ಸರ್ಕಾರಿ ನೌಕರಿಗೆ ಸಂಬಂಧಪಟ್ಟಂಗ 2016ರಾಗ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಕೇಸಿನಾಗ ಇದನ್ನ ಹೇಳೈತಿ, ಕೇಳಿದ್ದಕ್ಕ ಖರೇ ಹೇಳಬೇಕು, ಮುಚ್ಚಿಟ್ರ ಆ ಮುಚ್ಚಿಟ್ಟಿದ್ದಕ್ಕೇ ನೌಕರಿ ಹೋಗಬಹುದು. ಖಾಸಗಿ ಹೋಟೆಲ್‌ಗೆ ಆ ತೀರ್ಪು ನೇರ ಹತ್ತೂದಿಲ್ಲ, ಆದ್ರ ದೊಡ್ಡ ಹೋಟೆಲ್‌ನವರು ಪೊಲೀಸ್ ವೆರಿಫಿಕೇಶನ್ ಮಾಡಸ್ತಾರ, ಮೂರ ತಿಂಗಳ ಆದಮ್ಯಾಲ ಕಾಗದ ಬಂದು ಹೊರಗ ಹಾಕಿಸ್ಕೊಳೂದಕ್ಕಿಂತ ಮೊದಲ ಒಲ್ಲೆ ಅನಿಸ್ಕೊಳೂದು ಹಗುರ. ಆ ಸಾಲು ಫಾರ್ಮಿನಾಗ ಇರದಿದ್ರ ನೀನಾಗಿ ಬರೀಬ್ಯಾಡ, ಬಾಯಿಲೇ ಹೇಳು. ಇನ್ನೊಂದು, ಅಡಗಿ ಮಾಡೂವರಿಗೆ ಸರ್ಕಾರದ್ದು ಅಂತ ಇರೂದು ಎಫ್ಎಸ್ಎಸ್ಎಐ, ಅಂದ್ರ ಆಹಾರ ಸುರಕ್ಷತೆ ನೋಡೂ ಸಂಸ್ಥೆದ 2011ರ ನಿಯಮ, ಅದರಾಗ ವರ್ಷಕ್ಕೊಮ್ಮೆ ಡಾಕ್ಟರ್ ಕಡೆ ತಪಾಸಣೆ ಆಗಬೇಕು, ಟೈಫಾಯ್ಡ್‌ನಂಥಾ ರೋಗಕ್ಕ ಲಸಿಕಿ ಹಾಕಿಸ್ಕೊಂಡಿರಬೇಕು ಅಂತೈತಿ. ಆ ಫಿಟ್ನೆಸ್ ಸರ್ಟಿಫಿಕೇಟ್ ಈಗ ಮಾಡಿಸಿಟ್ಕೋ. ಜೈಲಿನ ಅಡಗಿಮನ್ಯಾಗ ದುಡದಿದ್ದಕ್ಕ ಏನರ ಕಾಗದ ಸಿಗತೈತೇನ ಅದನ್ನೂ ಕೇಳಿ ನೋಡು, ನಾಕ ವರ್ಷದ ಅನುಭವ ಅದು, ದಂಡಕ್ಕ ಹೋಗಬಾರದು.

ಈಗ ನೀ ಪತ್ರದಾಗ ಬರೀದ ಬಿಟ್ಟಿದ್ದು. ಸಿಟ್ಟು. ಒಂದ ಕ್ಷಣದ ಸಿಟ್ಟಿಗೆ ನಾಕ ವರ್ಷ ಕೊಟ್ಟಿದಿ, ಹೋಗ್ತಿರೂದು ಎಲ್ಲಿಗೆ ಅಂದ್ರ ಚಾಕು, ಕುದಿಯೂ ಎಣ್ಣಿ, ಮಧ್ಯಾಹ್ನ ಒಂದಕ್ಕ ಒಮ್ಮೆಲೇ ಮೂವತ್ತ ಆರ್ಡರ್, ಹೆಡ್ ಕುಕ್ ಬೈಯೂದು, ಅದೂ ನಿನಕಿಂತ ಹತ್ತ ವರ್ಷ ಸಣ್ಣಾವ. ನಿನ್ನ ಕೆಲಸಕ್ಕ ತಗೊಳೂವರ ಮನಸಿನಾಗ ಇರೂ ಪ್ರಶ್ನೆ ಇದೊಂದೇ, ಇವಾ ಮತ್ತ ಕೈ ಎತ್ತಿದ್ರ? ಅದಕ್ಕ ಉತ್ತರ ತಯಾರ ಇಟ್ಕೋ. "ಜೈಲಿನಾಗ ನಾಕ ವರ್ಷ ಚಾಕು ಹಿಡದ ಅಡಗಿ ಮಾಡೀನ್ರಿ, ಒಂದ ಜಗಳಾ ಆಗಿಲ್ಲ" ಅಂತ ಖರೇನ ಹೇಳಾಕ ಬರತಿದ್ರ ಅದಕ್ಕಿಂತ ದೊಡ್ಡ ಶಿಫಾರಸು ಇಲ್ಲ. ಬರೂದಿಲ್ಲಂದ್ರ, ಆಗೂಮ್ಮೆ ಈಗೂಮ್ಮೆ ಕೈ ನಡಗತೈತಿ ಅಂದ್ರ, ಜಿಲ್ಲಾ ಆಸ್ಪತ್ರ್ಯಾಗ ಮನೋವೈದ್ಯರು ಇರ್ತಾರ, ಹೋಗಿ ಮಾತಾಡು, ಹುಚ್ಚರಷ್ಟ ಹೋಗೂ ಜಾಗಾ ಅಲ್ಲದು.

ಇದನ್ನ ಕಂಡುಕೊಂಡವರು ಅದಾರ. ಅಮೆರಿಕಾದ ವಾಷಿಂಗ್ಟನ್ ಊರಾಗ 1989ರಾಗ ರಾಬರ್ಟ್ ಎಗ್ಗರ್ ಅನ್ನಾವ, ಮೊದಲ ನೈಟ್‌ಕ್ಲಬ್ ನಡಸ್ತಿದ್ದಾವ, ಡಿಸಿ ಸೆಂಟ್ರಲ್ ಕಿಚನ್ ಅಂತ ಚಾಲೂ ಮಾಡಿದ. ಪಾರ್ಟಿ, ಹೋಟೆಲ್‌ಗಳಾಗ ಉಳದ ಊಟ ತಂದು ಹಸದವರಿಗೆ ಕೊಡೂದು, ಜೈಲಿನಿಂದ ಬಂದವರು, ಕುಡತ ಬಿಟ್ಟವರು, ಮನಿ ಇಲ್ಲದವರು ಇಂಥವರಿಗೆ ಅಲ್ಲೇ ಅಡಗಿ ಕಲಸಿ ಕೆಲಸಕ್ಕ ಹಚ್ಚೂದು. ಅಲ್ಲಿ ಚಾಕು ಹಿಡಿಯೂದು ಕಲಸೂ ಜೊತಿಗೇ ಕೂಡ್ಸಿ ಮಾತಾಡಸ್ತಾರ, ಸಿಟ್ಟು, ಚಟ, ಮನಿ ತ್ರಾಸು ಎಲ್ಲಾ. ನಮ್ಮ ಕಡೆ ದೂರ ಯಾಕ, ಕೇರಳದ ಜೈಲುಗಳಾಗ ಕೈದಿಗಳು ಮಾಡೂ ಚಪಾತಿ "ಫ್ರೀಡಂ" ಅಂತ ಹೆಸರಿನ ಮ್ಯಾಲ ಮಾರತಾರ, ಮಂದಿ ಪಾಳಿ ಹಚ್ಚಿ ಒಯ್ತಾರ. ತಿನ್ನೂವರಿಗೆ ಅದು ಎಲ್ಲಿಂದು ಅಂತ ಗೊತ್ತಿದ್ದೇ ತಿಂತಾರ.

ವಯಸ್ಸಿಂದು, ನಪಾಸಿಂದು ಬಿಡು. 1982ರಾಗ ಉಜಿರೆದಾಗ ಹಳ್ಳಿ ಮಂದಿಗೆ ಸ್ವಂತ ಉದ್ಯೋಗ ಕಲಸೂ ಸಂಸ್ಥೆ ರುಡ್‌ಸೆಟ್ ಶುರು ಆದಾಗಿಂದ, ಅದನ್ನ ನೋಡಿ ದೇಶದ ತುಂಬ ಬ್ಯಾಂಕಿನವರ ತರಬೇತಿ ಕೇಂದ್ರ ಆದಾಗಿಂದ, ಮಾರ್ಕ್ಸ್ ಕಾರ್ಡ್ ಇಲ್ಲದ ಎಷ್ಟ ಮಂದಿ ಅಲ್ಲಿ ಕಲ್ತು ಬದುಕು ಕಟ್ಕೊಂಡಾರೋ. ನೀ ನಾಚಿಕಿ ಪಡೂದು ಏಪ್ರನ್‌ಗೆ ಅಲ್ಲ ಅಂತ ನನಗ ಅನಸ್ತೈತಿ, ಅಡಗಿ ಬರತೈತಿ ಅಂತ ತಿಳದು ಹೋಗಿ ಅಲ್ಲಿ ಸಣ್ಣ ಹುಡುಗರ ಮುಂದ ತಪ್ಪತೀನೇನೋ ಅಂತ. ತಪ್ಪತಿ. ನೀ ಇಷ್ಟ ದಿನ ಅಂದಾಜಿನ ಮ್ಯಾಲ ಮಾಡೀದಿ, ಅಲ್ಲಿ ತಕ್ಕಡಿ ಇಡ್ತಾರ, ಉಪ್ಪು ಸೈತ ಗ್ರಾಮ್. ಹಸಿ ಮಾಂಸ ಹೆಚ್ಚಿದ ಮಣಿ ಮ್ಯಾಲ ಉಳ್ಳಾಗಡ್ಡಿ ಇಟ್ರ ಬೈತಾರ. ಮಾಡಿದ ಅಡಗಿ 5 ರಿಂದ 60 ಡಿಗ್ರಿ ನಡುವ ಬಿಟ್ರ ಕೆಡತೈತಿ ಅಂತ ಥರ್ಮಾಮೀಟರ್ ಚುಚ್ಚಿ ತೋರಸ್ತಾರ, ಜೈಲಿನ ಹಂಡ್ಯಾಗ ಯಾರ ಚುಚ್ಚಿದ್ರು?

ನಿನ್ನ ಹೆಂಡ್ತಿ ಜ್ವಾಳದ ಹಿಟ್ಟಿಗೆ ಕುದಿಯೂ ಎಸರು ಹಾಕಿ ನಾದತಾಳಲ್ಲ, ತಣ್ಣೀರು ಹಾಕಿದ್ರ ರೊಟ್ಟಿ ಬಡಿಯೂಮುಂದ ಅಂಚು ಬಿರೀತೈತಿ ಅಂತ ಆಕಿಗೆ ಗೊತ್ತು. ಯಾಕ ಅಂದ್ರ ಗೋಧಿಯಾಗ ಇರೂ ಜಿಗಿ ಜ್ವಾಳದಾಗ ಇಲ್ಲ, ಬಿಸಿನೀರಿಗೆ ಹಿಟ್ಟಿನ ಗಂಜಿ ಉಬ್ಬಿ ಅದೇ ಅಂಟಿನ ಕೆಲಸಾ ಮಾಡತೈತಿ. ತರಬೇತಿಯಾಗ ಇಂಥಾ "ಯಾಕ" ಸಿಗತಾವು ನೋಡು, ಬರೀ ಕೈಗುಣ ಇದ್ದಾವ ಹೆಲ್ಪರ್ ಆಗೇ ಉಳೀತಾನ, ಯಾಕ ಗೊತ್ತಿದ್ದಾವಗ ನಾಳೆ ಮೆನು ಕೊಟ್ಟು ನಡಸು ಅಂತಾರ. ಇಂಗ್ಲಿಷ್ ಹೆಸರುಗಳಿಗೆ ಒಂದ ನೋಟಬುಕ್ ಮಾಡಿ ಕನ್ನಡದಾಗ ಬರಕೋ, ಜೂಲಿಯನ್ ಅಂದ್ರ ಉದ್ದಕ ಸಣ್ಣಗ ಹೆಚ್ಚೂದು, ಅಷ್ಟ.

ಬ್ಯಾಚ್ ಸೋಮವಾರ ಅಂದಿ. ರವಿವಾರ ಸಂಜಿಕ ಹೋಗಿ ಅಲ್ಲಿಯ ಸರ್‌ನ ಒಬ್ಬರನ್ನ ಭೆಟ್ಟಿ ಆಗು, ಹೆಂಡ್ತಿನ್ನೂ ಕರ್ಕೊಂಡ ಹೋಗು ಬೇಕಾರ, ಮುಂಜಾನೆ ಎಲ್ಲಾರೂ ಹಾಜರಿ ಹೇಳಾಕ ಸಾಲ ಹಿಡದ ನಿಂತಾಗ ಹೇಳೂ ಮಾತಲ್ಲ ಇದು.