ಅಂಗಳದಲ್ಲಿ ಏಣಿ ಇದೆ, ಏಣಿ ಅಂಗಳದಲ್ಲಿದೆ

ಹಾಸನದಲ್ಲಿ 31 ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೂ ಅವೇ ನಾಲ್ಕೈದು ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತಿವೆ. ಅವುಗಳಲ್ಲಿ ಒಂದು ನಿಜಕ್ಕೂ ಕಷ್ಟದ್ದು, ಅದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ನಾಮಪದ, ಕ್ರಿಯಾಪದ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: 30 ದಿನಗಳಲ್ಲಿ ಇಂಗ್ಲಿಷ್ ಮಾತನಾಡಲು ಕಲಿಸುತ್ತೇವೆಂದು ಹೇಳುವ ತರಗತಿಯೊಂದರಲ್ಲಿ 12,000 ರೂಪಾಯಿ ಕೇಳುತ್ತಿದ್ದಾರೆ. ಸೇರಲೇ? (ಅರಸೀಕೆರೆ)

ಉತ್ತರ: ಸೇರಬೇಡಿ. ಅಮೆರಿಕ ಸರ್ಕಾರವು ತನ್ನ ರಾಜತಾಂತ್ರಿಕರಿಗೆ ಹಿಂದಿ, ತಮಿಳು, ತೆಲುಗಿನಂಥ ಭಾಷೆಗಳನ್ನು ಕಲಿಸಲು ಸುಮಾರು 44 ವಾರ, ಅಂದರೆ 1,100 ತಾಸುಗಳ ತರಗತಿ ಬೇಕೆಂದು ಲೆಕ್ಕ ಹಾಕುತ್ತದೆ. ಅಲ್ಲಿಂದ ಇಲ್ಲಿಗೆ ಇರುವಷ್ಟೇ ದೂರ ಇಲ್ಲಿಂದ ಅಲ್ಲಿಗೂ ಇದೆ. 30 ದಿನಗಳಲ್ಲಿ ನಿಮಗೆ ಸಿಗುವುದು ಬಾಯಿಪಾಠ ಮಾಡಿದ ಐವತ್ತು ವಾಕ್ಯಗಳು, ಐವತ್ತೊಂದನೆಯದು ಬೇಕಾದಾಗ ಕಲಿಸಿದವರು ಜೊತೆಯಲ್ಲಿ ಇರುವುದಿಲ್ಲ.

ಪ್ರಶ್ನೆ: ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದೇನೆ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಗುತ್ತದೆ. ‘ಎ’, ‘ಆನ್’, ‘ದಿ’ ಎಲ್ಲಿ ಹಾಕಬೇಕೆಂಬುದು ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ. ಕನ್ನಡದಲ್ಲಿ ಇಲ್ಲವೇ ಇಲ್ಲದ್ದನ್ನು ಕಲಿಯುವುದು ಹೇಗೆ? (ಮೂಡಿಗೆರೆ)

ಉತ್ತರ: ಕನ್ನಡದಲ್ಲಿ ಇದು ಇಲ್ಲವೆಂದು ನಿಮಗೆ ಯಾರು ಹೇಳಿದರೋ ಅವರೇ ನಿಮ್ಮ ಕಷ್ಟವನ್ನು ಇಮ್ಮಡಿ ಮಾಡಿದ್ದಾರೆ. ಆ ಪದಗಳು ನಮ್ಮಲ್ಲಿಲ್ಲ, ನಿಜ. ಲ್ಯಾಟಿನ್, ರಷ್ಯನ್, ಜಪಾನಿ ಭಾಷೆಗಳಲ್ಲೂ ಇಲ್ಲ. ಆದರೆ ಅವು ಮಾಡುವ ಕೆಲಸ ನಿಮ್ಮ ಬಾಯಲ್ಲೇ ದಿನವೂ ನಡೆಯುತ್ತಿದೆ.

ಮೆಣಸು ಕೊಯ್ಯುವ ದಿನವೊಂದನ್ನು ನೆನೆಸಿಕೊಳ್ಳಿ. ಹೊಸದಾಗಿ ಬಂದ ಆಳಿಗೆ ನೀವು “ಅಂಗಳದಲ್ಲಿ ಏಣಿ ಇದೆ” ಎನ್ನುತ್ತೀರಿ, ಏಕೆಂದರೆ ಏಣಿಯ ವಿಷಯ ಅವನಿಗೆ ಹೊಸದು. ನಿನ್ನೆಯಿಂದ ಅದೇ ಏಣಿ ಹತ್ತುತ್ತಿರುವ ಆಳು ಅದನ್ನು ಹುಡುಕುತ್ತಿದ್ದರೆ “ಏಣಿ ಅಂಗಳದಲ್ಲಿದೆ” ಎನ್ನುತ್ತೀರಿ. ಪದಗಳು ಅವೇ, ಜಾಗ ಮಾತ್ರ ಅದಲುಬದಲಾಯಿತು. ಇಂಗ್ಲಿಷಿನಲ್ಲಿ ಮೊದಲನೆಯದು ‘ದೇರ್ ಈಸ್ ಎ ಲ್ಯಾಡರ್ ಇನ್ ದಿ ಯಾರ್ಡ್’, ಎರಡನೆಯದು ‘ದಿ ಲ್ಯಾಡರ್ ಈಸ್ ಇನ್ ದಿ ಯಾರ್ಡ್’. ಹಾಗೆಯೇ “ಏಣಿ ತಗೊಂಡು ಬಾ” ಎಂದರೆ ಯಾವುದಾದರೂ ಒಂದು ಏಣಿ ಸಾಕು, “ಏಣೀನ ಇಲ್ಲಿಗೆ ತಗೊಂಡು ಬಾ” ಎಂದರೆ ಇಬ್ಬರಿಗೂ ಗೊತ್ತಿರುವ ಆ ಏಣಿಯೇ ಬರಬೇಕು. ಶಾಲೆಯಲ್ಲಿ ದ್ವಿತೀಯಾ ವಿಭಕ್ತಿ ಎಂದು ಉರುಹೊಡೆದ ಪ್ರತ್ಯಯ ಇಲ್ಲಿ ‘ದಿ’ಯ ಕೆಲಸವನ್ನೂ ಮಾಡುತ್ತಿದೆ. ‘ಎ’, ‘ಆನ್’ ಹುಟ್ಟಿದ್ದೇ ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥವಿದ್ದ ಪದದಿಂದ. ‘ದಿ’ ಹುಟ್ಟಿದ್ದು ‘ಆ’ ಎಂದು ತೋರಿಸುವ ಪದದಿಂದ. ಅಜ್ಜಿಯ ಕಥೆಯಲ್ಲಿ “ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ ಮೂವರು ಮಕ್ಕಳು” ಎಂದು ಕೇಳಿ ಬೆಳೆದವರಿಗೆ ಇದು ಹೊರಗಿನ ಸಂಗತಿಯಲ್ಲ.

ಆದ್ದರಿಂದ ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದುವವರು “ಯಾವುದು?” ಎಂದು ಕೇಳುವರೇ? ಕೇಳುವ ಅಗತ್ಯವಿಲ್ಲದಿದ್ದರೆ ‘ದಿ’, ಕೇಳುವಂತಿದ್ದು ವಸ್ತು ಒಂದೇ ಆಗಿದ್ದರೆ ‘ಎ’ ಅಥವಾ ‘ಆನ್’. ಗೈಡುಗಳಲ್ಲಿ ಅಚ್ಚಾಗಿರುವ “ಮೊದಲ ಸಲ ಎ, ಎರಡನೆಯ ಸಲ ದಿ” ಎಂಬ ಸೂತ್ರವನ್ನು ದಯವಿಟ್ಟು ಮರೆತುಬಿಡಿ. ಅದನ್ನು ನಂಬಿದ ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ದಾರಿ ತಪ್ಪಿದ್ದನ್ನು ನೋಡಿದ್ದೇನೆ. ನೀವು ಕಳಿಸಿರುವ ಪತ್ರದಲ್ಲಿ ‘ಲಾರಿ ಕೇಮ್ ಯೆಸ್ಟರ್‌ಡೇ, ಡ್ರೈವರ್ ಟುಕ್ ಬ್ಯಾಗ್ಸ್’ ಎಂದಿದೆ. ಅದು ‘ಎ ಲಾರಿ ಕೇಮ್ ಯೆಸ್ಟರ್‌ಡೇ, ದಿ ಡ್ರೈವರ್ ಟುಕ್ ದಿ ಬ್ಯಾಗ್ಸ್’ ಎಂದಾಗಬೇಕು. ಡ್ರೈವರನ ಮಾತು ಬಂದದ್ದು ಇದೇ ಮೊದಲ ಸಲವಾದರೂ ‘ದಿ’ ಬೇಕು, ಏಕೆಂದರೆ ಲಾರಿ ಬಂದಿತೆಂದ ಮೇಲೆ “ಯಾವ ಡ್ರೈವರ್?” ಎಂದು ಯಾರೂ ಕೇಳುವುದಿಲ್ಲ. ‘ದಿ ಬ್ಯಾಗ್ಸ್’ ಎಂದರೆ ನೀವೂ ಅವರೂ ಮೊದಲೇ ಮಾತನಾಡಿಕೊಂಡ ಮೂಟೆಗಳು, ಬರೀ ‘ಬ್ಯಾಗ್ಸ್’ ಎಂದರೆ ಒಂದಷ್ಟು ಮೂಟೆಗಳು. ಲೆಕ್ಕದ ಪತ್ರದಲ್ಲಿ ಈ ವ್ಯತ್ಯಾಸ ಜಗಳಕ್ಕೆ ಕಾರಣವಾಗಬಲ್ಲದು, ಅಲ್ಲಿ ಮಾತ್ರ ಎರಡು ಸಲ ಓದಿ ನೋಡಿ.

ಒಂದು ಬಗೆಯ ವಸ್ತುವಿನ ಬಗ್ಗೆ ಒಟ್ಟಾರೆಯಾಗಿ ಹೇಳುವಾಗ ಏನೂ ಬೇಡ: ‘ಕಾಫಿ ಈಸ್ ಬಿಟರ್’. ಕೈಯಲ್ಲಿರುವ ಲೋಟದ ಬಗ್ಗೆಯಾದರೆ ‘ದಿ ಕಾಫಿ ಈಸ್ ಬಿಟರ್’. ‘ಎ’ಯೋ ‘ಆನ್’ಓ ಎಂಬ ಅನುಮಾನ ಬಂದರೆ ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ‘ಅವರ್’ ಸ್ವರದಿಂದ ಶುರುವಾಗುತ್ತದೆ, ಆದ್ದರಿಂದ ‘ಆನ್ ಅವರ್’. ‘ಯೂನಿವರ್ಸಿಟಿ’ ವ್ಯಂಜನದಿಂದ, ಆದ್ದರಿಂದ ‘ಎ ಯೂನಿವರ್ಸಿಟಿ’. ಹೆಸರುಗಳಲ್ಲಿ ಮಾತ್ರ ಈ ತರ್ಕ ನಡೆಯುವುದಿಲ್ಲ. ನದಿಯಾದ್ದರಿಂದ ‘ದಿ ಹೇಮಾವತಿ’, ಬೆಟ್ಟಸಾಲಾದ್ದರಿಂದ ‘ದಿ ವೆಸ್ಟರ್ನ್ ಘಾಟ್ಸ್’, ಒಂಟಿ ಶಿಖರವಾದ್ದರಿಂದ ಬರೀ ‘ಮುಳ್ಳಯ್ಯನಗಿರಿ’. ಇದು ಓದಿ ಓದಿ ಕಿವಿಗೆ ಹಿಡಿಯಬೇಕಾದದ್ದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿಯ ಎರಡು ಪುಟದ ಪ್ರಬಂಧದಲ್ಲಿ ಬಿಟ್ಟುಹೋಗಿದ್ದ ‘ದಿ’ಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತುಂಬಿಸಿ ಕೊಟ್ಟಿದ್ದೆ. ಮುಂದಿನ ವಾರದಿಂದ ಆತ ನಾಲ್ಕೇ ಸಾಲು ಬರೆದು ತರತೊಡಗಿದ. ಅಂದಿನಿಂದ ಮೊದಲ ವರ್ಷದ ವಿದ್ಯಾರ್ಥಿಗಳ ಆರ್ಟಿಕಲ್ ತಪ್ಪುಗಳನ್ನು, ಅಂದರೆ ‘ಎ’, ‘ಆನ್’, ‘ದಿ’ಗಳ ತಪ್ಪುಗಳನ್ನು, ತಿದ್ದುವುದನ್ನೇ ಬಿಟ್ಟೆ. ನಿಮ್ಮ ಪತ್ರವೂ ತಪ್ಪುಗಳಿದ್ದರೂ ಅರ್ಥವಾಗುತ್ತದೆ, ಬರೆಯುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಜಗತ್ತಿನಲ್ಲಿ ಅತ್ಯಂತ ಕಷ್ಟದ ಭಾಷೆ ಯಾವುದು? (ಕಡೂರು)

ಉತ್ತರ: ಎಲ್ಲಿಂದ ಹೊರಡುತ್ತೀರಿ ಎಂದು ಹೇಳದೆ ಮಂಗಳೂರು ಎಷ್ಟು ದೂರ ಎಂದು ಕೇಳಿದರೆ ಉತ್ತರವಿಲ್ಲ. ಕನ್ನಡ ಬಲ್ಲವರಿಗೆ ತೆಲುಗು ಹತ್ತಿರ, ಇಂಗ್ಲಿಷ್ ದೂರ. ಡಚ್ ಮಾತನಾಡುವವರಿಗೆ ಇಂಗ್ಲಿಷ್ ಪಕ್ಕದ ಮನೆ.

ಪ್ರಶ್ನೆ: ಮಗುವಿಗೆ ಇಂಗ್ಲಿಷ್ ಬೇಗ ಬರಲೆಂದು ಮನೆಯಲ್ಲಿ ಕನ್ನಡ ನಿಲ್ಲಿಸುವಂತೆ ಹೇಳುತ್ತಿದ್ದಾರೆ. (ಹಾಸನ)

ಉತ್ತರ: ನಿಲ್ಲಿಸಬೇಡಿ, ಹಾಗೆ ಹೇಳುವವರ ಬಳಿ ಮತ್ತೆ ಹೋಗಲೂ ಬೇಡಿ. ಸಕಲೇಶಪುರದ ತೋಟದ ಲೈನುಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಮನೆಯೊಳಗೆ ತುಳುವನ್ನೋ ತಮಿಳನ್ನೋ, ಹೊರಗೆ ಕನ್ನಡವನ್ನೂ ಆಡುತ್ತ ಬೆಳೆದ ಮಕ್ಕಳು ನನ್ನ ತರಗತಿಯಲ್ಲಿ ಇಂಗ್ಲಿಷಿಗೆ ಎಲ್ಲರಿಗಿಂತ ಮುಂದಿದ್ದರು.

ಪ್ರಶ್ನೆ: ಇಂಗ್ಲಿಷ್ ವಾಕ್ಯವನ್ನು ‘ವಿತ್’, ‘ಫಾರ್’ನಂಥ ಪದಗಳಿಂದ ಮುಗಿಸುವುದು ತಪ್ಪೇ? (ಬೇಲೂರು)

ಉತ್ತರ: ತಪ್ಪಲ್ಲ. 17ನೆಯ ಶತಮಾನದಲ್ಲಿ ಕವಿ ಜಾನ್ ಡ್ರೈಡನ್ ಇದಕ್ಕೆ ಆಕ್ಷೇಪ ಎತ್ತಿದರು, ಮುಂದೆ ಶಾಲೆಯ ವ್ಯಾಕರಣಗಳು ಅದನ್ನು ನಿಯಮದಂತೆ ಹಿಡಿದುಕೊಂಡವು. ‘ಹೂ ಡಿಡ್ ಯು ಗೋ ವಿತ್?’ ಎಂದು ನಿಶ್ಚಿಂತೆಯಿಂದ ಕೇಳಿ.